ಬ್ರೇಕ್ ಮೇಷ್ಟ್ರ ಸರಾಸರಿ

ಜಗತ್ತಿನಲ್ಲಿ ಎರಡೇ ಬಗೆಯ ಜನರಿದ್ದಾರೆ ಎಂದು ಬ್ರೇಕ್ ಮೇಷ್ಟ್ರು ದೃಢವಾಗಿ ನಂಬಿದ್ದರು. ಹೊತ್ತಿಗೆ ಸರಿಯಾಗಿ ಬ್ರೇಕ್ ಹಾಕುವವರು ಒಂದು ಬಗೆ, ಉಳಿದ ಮನುಷ್ಯಕುಲ ಇನ್ನೊಂದು. ಮೊದಲನೆಯ ಬಗೆಯಲ್ಲಿ ಸದ್ಯಕ್ಕೆ ಅವರೊಬ್ಬರೇ ಇದ್ದರು. ಎರಡನೆಯ ಬಗೆಗೆ ಡ್ರೈವಿಂಗ್ ಕಲಿಸಿ ಅವರ ಸಂಸಾರ ಸಾಗುತ್ತಿತ್ತು.

ಅವರ ಡ್ರೈವಿಂಗ್ ಸ್ಕೂಲು ಎಂದರೆ ಬೀದಿಗೆ ಬಾಗಿಲು ತೆರೆಯುವ ಒಂದು ಕೋಣೆ, ಗೋಡೆಯ ಮೇಲೆ ಬಣ್ಣಗೆಟ್ಟ ಸಂಚಾರ ಚಿಹ್ನೆಗಳ ಪಟ, ಹೊರಗೆ ಒಂದು ಬಿಳಿ ಕಾರು. ಆ ಕಾರಿಗೆ ಎರಡು ಕಡೆ ಬ್ರೇಕು. ಕಲಿಯುವವರು ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರೆ ಮೇಷ್ಟ್ರು ಪಕ್ಕದ ಸೀಟಿನಲ್ಲಿ ತಮ್ಮ ಬ್ರೇಕಿನ ಮೇಲೆ ಪಾದವಿಟ್ಟು, ಮೀಸೆ ತೀಡುತ್ತ, ಎದುರಿಗೆ ಬಂದವರನ್ನೂ ಪಕ್ಕದಲ್ಲಿ ಕೂತವರನ್ನೂ ಭೇದವಿಲ್ಲದೆ ಹೀಯಾಳಿಸುತ್ತಿದ್ದರು. "ಆ ಅಜ್ಜ ರಸ್ತೆ ದಾಟಿ, ಮನೆಗೆ ಹೋಗಿ, ಊಟ ಮಾಡಿ ಮಲಗಿದ ಮೇಲೆ ನೀವು ಬ್ರೇಕ್ ಹಾಕಿದ್ರಿ" ಎಂದು ಒಬ್ಬ ದಂತವೈದ್ಯರಿಗೆ ಹೇಳಿದ್ದರು. ಸಾವಿರ ಹಲ್ಲು ಕಿತ್ತ ಮನುಷ್ಯ ಅವತ್ತು ಕಣ್ಣೊರೆಸಿಕೊಂಡು ಕಾರಿನಿಂದ ಇಳಿದಿದ್ದರು. "ನಿಮ್ಮ ತಲೆಯಿಂದ ಕಾಲಿಗೆ ಸುದ್ದಿ ಅಂಚೆಯಲ್ಲಿ ಹೋಗುತ್ತಾ?" ಎಂಬುದು ಎಲ್ಲ ಶಿಷ್ಯರಿಗೂ ಮೊದಲ ವಾರದಲ್ಲೇ ಸಿಗುತ್ತಿದ್ದ ಪ್ರಶಸ್ತಿ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಒಂಬತ್ತನೇ ಕ್ಲಾಸಿನಲ್ಲಿದ್ದ ಅವರ ಮಗಳು ಮೂವತ್ತು ಸೆಂಟಿಮೀಟರಿನ ಒಂದು ಸ್ಕೇಲು ಹಿಡಿದುಕೊಂಡು ನಡುಮನೆಗೆ ಬಂದಳು. ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಕೈ ಎಷ್ಟು ಚುರುಕು ಎಂದು ಅಳೆಯುವ ಪ್ರಯೋಗ ಅವಳದು.

"ನಾನು ಸ್ಕೇಲನ್ನ ಮೇಲಿಂದ ಬಿಡ್ತೀನಿ. ಕೆಳಗೆ ನೀವು ಎರಡು ಬೆರಳು ತೆರೆದಿಟ್ಟುಕೊಂಡು ಕಾಯ್ಬೇಕು. ಬಿಟ್ಟ ತಕ್ಷಣ ಹಿಡೀಬೇಕು. ಎಷ್ಟನೇ ಸೆಂಟಿಮೀಟರಲ್ಲಿ ಹಿಡಿದ್ರಿ ಅಂತ ಬರ್ಕೋತೀನಿ. ಸಂಖ್ಯೆ ಕಡಿಮೆ ಬಂದಷ್ಟೂ ಕೈ ಚುರುಕು. ಒಬ್ಬೊಬ್ಬರಿಗೆ ಐದೈದು ಸಲ."

"ಐದು ಸಲ ಯಾಕೆ? ನನಗೆ ಒಂದು ಸಾಕು" ಎಂದರು ಮೇಷ್ಟ್ರು.

"ಒಂದೇ ಸಲ ಆದ್ರೆ ಅದೃಷ್ಟ ಇರಬಹುದಪ್ಪ."

"ಅದೃಷ್ಟ ಅನ್ನೋದು ನಿಮ್ಮಮ್ಮನಂಥವರಿಗೆ. ನನ್ನದು ಇಪ್ಪತ್ತು ವರ್ಷದ ಸಾಧನೆ. ಮೊದಲನೇ ಸ್ಥಾನ ಯಾರದು ಅಂತ ಈಗ್ಲೇ ಬರೆದಿಟ್ಟುಬಿಡು. ಆಮೇಲೆ ಶಾಸ್ತ್ರಕ್ಕೆ ಅಳತೆ ಮಾಡು."

ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಯಂತ್ರದ ಮುಂದೆ ಕೂತಿದ್ದವಳು ತಲೆಯೆತ್ತದೆ, ಓರೆಗಣ್ಣಲ್ಲೇ ನೋಡುತ್ತ ಎಡಗೈ ಚಾಚಿ ಐದು ಸಲ ಹಿಡಿದು ಮತ್ತೆ ಹೊಲಿಗೆಗೆ ಮರಳಿದಳು. ಸರಾಸರಿ ಹದಿನೇಳು. ಆಮೇಲೆ ಅತ್ತೆ, ಅಂದರೆ ಹೆಂಡತಿಯ ತಾಯಿ. ಎಪ್ಪತ್ತು ದಾಟಿದ ಹೆಂಗಸು, ಟೀವಿಯಲ್ಲಿ ಧಾರಾವಾಹಿ ನೋಡುತ್ತಿದ್ದರು. ಧಾರಾವಾಹಿಯ ಸೊಸೆ ಅಳುತ್ತಿದ್ದಳು. ಒಂದು ಕಣ್ಣು ಅವಳ ಮೇಲೆ, ಒಂದು ಕಣ್ಣು ಸ್ಕೇಲಿನ ಮೇಲೆ ಇಟ್ಟುಕೊಂಡೇ ಅತ್ತೆ ಹಿಡಿದರು. ಹದಿಮೂರು, ಹದಿನಾಲ್ಕು, ಹದಿಮೂರು, ಹನ್ನೆರಡು, ಹದಿಮೂರು.

"ಮುಗೀತಾ? ಇಷ್ಟೇನಾ ವಿಜ್ಞಾನ?" ಎಂದು ಅವರು ಟೀವಿಯ ಕಡೆ ತಿರುಗಿದರು.

"ಪರವಾಗಿಲ್ಲ ಅತ್ತೆ, ವಯಸ್ಸಿಗೆ ಚೆನ್ನಾಗೇ ಇದೆ" ಎಂದು ಮೇಷ್ಟ್ರು ದೊಡ್ಡ ಮನಸ್ಸಿನಿಂದ ಹೊಗಳಿದರು. ತೋಳು ಮಡಚಿದರು. ಬೆರಳ ನೆಟಿಗೆ ಮುರಿದರು. ಕುಸ್ತಿಗೆ ಇಳಿಯುವ ಪೈಲ್ವಾನನ ಹಾಗೆ ಕಾಲು ಅಗಲಿಸಿ ನಿಂತರು.

ಇಪ್ಪತ್ತೆರಡು.

"ನಾನಿನ್ನೂ ಸಿದ್ಧ ಆಗಿರ್ಲಿಲ್ಲ."

ಇಪ್ಪತ್ತೇಳು.

"ಈಗ ಸಿದ್ಧ ಆಗ್ತಾ ಇದ್ದೆ."

ಮೂರನೆಯ ಸಲ ಸ್ಕೇಲು ಮೇಷ್ಟ್ರ ಎರಡು ಬೆರಳ ನಡುವೆ ಯಾವ ಅಡಚಣೆಯೂ ಇಲ್ಲದೆ ಹಾದು, ನೆಲಕ್ಕೆ ಬಿದ್ದು ಟಪ್ಪೆಂದಿತು. ಬಿದ್ದ ಮೇಲೆ ಬೆರಳುಗಳು ಗಂಭೀರವಾಗಿ ಮುಚ್ಚಿಕೊಂಡವು. ಹೊಲಿಗೆ ಯಂತ್ರ ನಿಂತಿತು. ಟೀವಿಯ ಸೊಸೆಯೂ ಒಂದು ಕ್ಷಣ ಅಳು ನಿಲ್ಲಿಸಿದಂತೆ ಅವರಿಗೆ ಅನ್ನಿಸಿತು. ನಾಲ್ಕನೆಯದು ಹದಿನೆಂಟು, ಐದನೆಯದು ಇಪ್ಪತ್ತಾರು.

"ಅಪ್ಪ, ಮೂರನೇದಕ್ಕೆ ಏನು ಬರೀಲಿ?"

"ಏನೂ ಬರೀಬೇಡ. ಹಿಡಿಯದೇ ಇದ್ದದ್ದನ್ನ ಹೇಗೆ ಲೆಕ್ಕ ಹಾಕ್ತೀಯ?"

"ಹಿಡೀಲಿಲ್ಲ ಅನ್ನೋದೇ ಲೆಕ್ಕ ಅಲ್ವಾ? ಸ್ಕೇಲು ಇರೋದೇ ಮೂವತ್ತು. ಕಡಿಮೆ ಅಂದ್ರೂ ಮೂವತ್ತು ಅಂತ ಹಾಕ್ತೀನಿ." ಅವಳು ಕೂಡಿ ಭಾಗಿಸಿದಳು. "ಸರಾಸರಿ ಇಪ್ಪತ್ತನಾಲ್ಕು ಪಾಯಿಂಟ್ ಆರು. ಮನೆಯಲ್ಲಿ ಕೊನೆ ಸ್ಥಾನ."

ಮೇಷ್ಟ್ರು ಸ್ಕೇಲನ್ನು ಇಸಿದುಕೊಂಡು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. "ಇದು ನೆಟ್ಟಗಿಲ್ಲ. ನೋಡು, ಇಲ್ಲಿ ಬಾಗಿದೆ."

"ಕುಣಿಯಲಾರದವಳಿಗೆ ನೆಲ ಡೊಂಕು ಅನ್ನೋದು ಕೇಳಿದ್ದೆ" ಎಂದರು ಅತ್ತೆ, ಟೀವಿಯಿಂದ ಕಣ್ಣು ತೆಗೆಯದೆ. "ಹಿಡಿಯಲಾರದವರಿಗೆ ಸ್ಕೇಲು ಡೊಂಕು ಅನ್ನೋದು ಹೊಸದು, ಅಳಿಯಂದ್ರೇ."

ಅವಮಾನ ಎಂದರೆ ಏನೆಂದು ಇಷ್ಟು ದಿನ ಬೇರೆಯವರಿಗೆ ಹಂಚಿಯಷ್ಟೇ ಗೊತ್ತಿದ್ದ ಮೇಷ್ಟ್ರಿಗೆ ಅದರ ರುಚಿ ಆ ದಿನ ಮೊದಲ ಬಾರಿ ಸಿಕ್ಕಿತು. ಅದು ಅವರಿಗೆ ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಅವರ ಪಕ್ಕ ಕಲಿಯಲು ಕೂತವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ಮೇಡಂ. ಎರಡು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದವರು. ಮೇಷ್ಟ್ರು ಅವರನ್ನು ಆಗಾಗ "ನಮ್ಮ ಸ್ಕೂಲಿನ ಹಿರಿಯ ವಿದ್ಯಾರ್ಥಿನಿ" ಎಂದು ಹೊಸಬರಿಗೆ ಪರಿಚಯಿಸಿ ನಗುತ್ತಿದ್ದರು. ಅವತ್ತು ಮಾತ್ರ ದನಿ ಬೆಣ್ಣೆಯಾಗಿತ್ತು.

"ಮೇಡಂ, ಮಗಳದ್ದೊಂದು ಪ್ರಯೋಗ. ಐದು ಅಳತೆಯಲ್ಲಿ ಒಂದು ಮಾತ್ರ ಗುಂಪಿಗೆ ಸೇರದ ಸಂಖ್ಯೆ ಬಂದಿದೆ. ಅದನ್ನ ತೆಗೆದುಹಾಕಬಹುದಲ್ವಾ?"

ಮೇಡಂ ಎರಡನೇ ಗೇರು ಹುಡುಕುತ್ತಿದ್ದರು. "ಯಾಕೆ ಹಾಗೆ ಬಂತು ಅಂತ ಗೊತ್ತಿದ್ರೆ ತೆಗೀಬಹುದು ಮೇಷ್ಟ್ರೇ. ಫೋನ್ ಬಂತು, ಸೀನು ಬಂತು, ಯಾರೋ ತಳ್ಳಿದ್ರು, ಹಾಗೆ. ನಮಗೆ ಇಷ್ಟ ಆಗ್ಲಿಲ್ಲ ಅಂತ ತೆಗೆಯೋ ಹಾಗಿಲ್ಲ."

"ಸೀನು ಬಂದಿತ್ತು."

"ನಿಜವಾಗ್ಲೂ?"

"ಬರೋ ಹಾಗಿತ್ತು."

ಮೇಡಂ ಗೇರು ಹಾಕಿದರು. ಅದು ನಾಲ್ಕನೆಯದಾಗಿತ್ತು. ಕಾರು ಕೆಮ್ಮಿ ನಿಂತಿತು. ಬೇರೆ ದಿನವಾಗಿದ್ದರೆ ಇದಕ್ಕೆ ಒಂದು ಅಧ್ಯಾಯದಷ್ಟು ಬೈಗುಳ ಬರುತ್ತಿತ್ತು. ಮೇಷ್ಟ್ರು ನುಂಗಿಕೊಂಡರು.

"ಬೇರೆ ದಾರಿ ಇಲ್ವಾ ಮೇಡಂ?"

"ಒಂದು ಸಂಖ್ಯೆ ವಿಪರೀತ ಆಗಿ ಸರಾಸರಿ ಕೆಡಿಸ್ತಾ ಇದ್ರೆ ಮಧ್ಯಾಂಕ ತಗೋಬಹುದು. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿಂದು ನೋಡೋದು. ಕೊನೇ ಸಂಖ್ಯೆ ಎಷ್ಟೇ ದೊಡ್ಡದಾಗಿದ್ರೂ ಅದಕ್ಕೆ ಚಿಂತೆ ಇಲ್ಲ."

ಮೇಷ್ಟ್ರಿಗೆ ಆ ಪದ ಬಹಳ ಹಿಡಿಸಿತು. ಸಂಜೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಘೋಷಿಸಿದರು. "ಸರಾಸರಿ ಅನ್ನೋದು ಸರಿಯಲ್ಲ, ಬರೀ ಅರ್ಧ ಸರಿ. ತಿಳಿದವರು ಮಧ್ಯಾಂಕ ನೋಡ್ತಾರೆ. ತೆಗಿ ನನ್ನ ಮಧ್ಯಾಂಕ."

ಮಗಳು ಸಂಖ್ಯೆಗಳನ್ನು ಸಾಲಾಗಿ ಬರೆದಳು. ಹದಿನೆಂಟು, ಇಪ್ಪತ್ತೆರಡು, ಇಪ್ಪತ್ತಾರು, ಇಪ್ಪತ್ತೇಳು, ಮೂವತ್ತು. ನಡುವಿನದಕ್ಕೆ ಸುತ್ತು ಹಾಕಿದಳು.

"ಇಪ್ಪತ್ತಾರು ಅಪ್ಪ. ಸರಾಸರಿಗಿಂತ ಇದು ಇನ್ನೂ ಹಿಂದೆ."

ನ್ಯಾಯ ಹೇಳಲು ಕರೆತಂದ ಮಧ್ಯಸ್ಥನೇ ಎದುರು ಪಕ್ಷಕ್ಕೆ ಸೇರಿಕೊಂಡ ಹಾಗಾಯಿತು. ಮೇಷ್ಟ್ರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

"ಹಾಗಾದ್ರೆ ನನ್ನ ಅತ್ಯುತ್ತಮ ಅಳತೆ ತಗೋ. ಹದಿನೆಂಟು."

"ಅಜ್ಜಿಯ ಅತಿ ಕೆಟ್ಟದ್ದು ಹದಿನಾಲ್ಕು."

"ಅಜ್ಜಿ ವಿಷಯ ಯಾರು ಕೇಳಿದ್ರು ಈಗ?"

ಮಾರನೆಯ ದಿನದಿಂದ ಮೇಷ್ಟ್ರ ಹೊಸ ವಾದ ಶುರುವಾಯಿತು. ಐದು ಸಲ ಸಾಲದು, ಇನ್ನೂ ಬೇಕು. ಮೇಡಂ ಅದಕ್ಕೆ ತಲೆದೂಗಿದರು. "ಹೆಚ್ಚು ಸಲ ಅಳೆದಷ್ಟೂ ಸರಾಸರಿ ನಿಮ್ಮ ನಿಜವಾದ ಚುರುಕಿಗೆ ಹತ್ತಿರ ಬರುತ್ತೆ."

"ನನಗೆ ಬೇಕಾಗಿರೋದೇ ಅದು."

"ಅಷ್ಟು ಧೈರ್ಯ ಇದೆಯಾ ಮೇಷ್ಟ್ರೇ?"

ಮೇಷ್ಟ್ರಿಗೆ ಧೈರ್ಯಕ್ಕೆ ಕೊರತೆ ಇರಲಿಲ್ಲ, ಇದ್ದದ್ದು ವಿವೇಕಕ್ಕೆ. ಮಗಳಿಂದ ಐವತ್ತು ಸಲ ಸ್ಕೇಲು ಬೀಳಿಸಿಕೊಂಡರು. ಮಗಳ ಕೈಗೆ ನೋವು ಬಂತು. ಮೇಷ್ಟ್ರ ಸರಾಸರಿ ಮಾತ್ರ ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ, ಕಟ್ಟಿಹಾಕಿದ ಕತ್ತೆಯ ಹಾಗೆ, ಅಲ್ಲೇ ಸುತ್ತಿತು. ಆಮೇಲೆ ಅವರಿಗೆ ಇನ್ನೊಂದು ಉಪಾಯ ಹೊಳೆಯಿತು. ತಾವು ಮುಂದೆ ಹೋಗಲಾಗದಿದ್ದರೆ ಹಿಂದೆ ನಾಲ್ಕು ಜನರನ್ನು ನಿಲ್ಲಿಸಿಕೊಳ್ಳಬಹುದಲ್ಲ. ಡ್ರೈವಿಂಗ್ ಸ್ಕೂಲಿಗೆ ಮಗಳನ್ನು ಕರೆದುಕೊಂಡು ಹೋಗಿ, "ನಮ್ಮ ಶಿಷ್ಯರನ್ನೆಲ್ಲ ಸೇರಿಸ್ಕೋ. ಆಗ ಗೊತ್ತಾಗುತ್ತೆ ನಿಮ್ಮಪ್ಪನ ಬೆಲೆ" ಎಂದರು.

ದಂತವೈದ್ಯರು ಹದಿನಾರು. ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸು ಹದಿನೆಂಟು. ಎರಡು ಸಲ ಫೇಲಾದ ಸಂಖ್ಯಾಶಾಸ್ತ್ರದ ಮೇಡಂ ಹತ್ತೊಂಬತ್ತು. ಹೆದರಿ ಹೆದರಿ ಹಿಡಿದವರೂ ಇಪ್ಪತ್ತೊಂದು ದಾಟಲಿಲ್ಲ. ದಂತವೈದ್ಯರು ಹೊರಡುವಾಗ, "ಮೇಷ್ಟ್ರೇ, ನಿಮ್ಮದೆಷ್ಟು ಬಂತು?" ಎಂದು ಕೇಳಿದರು. ಮೇಷ್ಟ್ರು ಹಿಂದಿನ ಟೈರಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಬಹಳ ಹೊತ್ತು ಬಗ್ಗಿ ನೋಡಿದರು.

ಬಿದ್ದ ಜಟ್ಟಿಗೂ ಮೀಸೆ ಮಣ್ಣಾಗಬಾರದಲ್ಲ. ಮನೆಗೆ ಬಂದವರೇ ಇನ್ನೊಂದು ಅವಕಾಶ ಕೇಳಿದರು. ಈ ಸಲ ಅವರು ಸ್ಕೇಲನ್ನು ನೋಡಲೇ ಇಲ್ಲ, ಮಗಳ ಹೆಬ್ಬೆರಳನ್ನೇ ದಿಟ್ಟಿಸಿದರು. ಬಿಡುವ ಮೊದಲು ಆ ಬೆರಳು ಒಂಚೂರು ಅಲುಗುತ್ತದೆ ಎಂಬುದನ್ನು ಐವತ್ತು ಸಲದಲ್ಲಿ ಅವರು ಕಂಡುಕೊಂಡಿದ್ದರು. ಬೆರಳು ಅಲುಗಿತು, ಮೇಷ್ಟ್ರು ಹಿಡಿದರು. ಮೂರು ಸೆಂಟಿಮೀಟರ್.

"ನೋಡಿದ್ಯಾ? ಈಗ ಹೇಳು" ಎಂದು ಅವರು ಮೀಸೆಯ ಮೇಲೆ ಕೈ ಹಾಕಿದರು.

ಮಗಳು ತಲೆ ಅಲ್ಲಾಡಿಸಿದಳು. "ಇದು ನಡೆಯಲ್ಲ ಅಪ್ಪ. ಕಣ್ಣು ನೋಡಿ, ಮೆದುಳಿಗೆ ಹೋಗಿ, ಕೈಗೆ ಬರೋದಕ್ಕೆ ಎಂಥ ಚುರುಕು ಮನುಷ್ಯನಿಗೂ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಸ್ಕೇಲು ಐದು ಸೆಂಟಿಮೀಟರ್ ಬಿದ್ದಿರುತ್ತೆ. ಐದಕ್ಕಿಂತ ಕಡಿಮೆ ಬಂದ್ರೆ ಅದು ಹಿಡಿದದ್ದಲ್ಲ, ಊಹೆ ಮಾಡಿದ್ದು."

"ಕಡಿಮೆ ಬಂದ್ರೂ ತಪ್ಪು, ಜಾಸ್ತಿ ಬಂದ್ರೂ ತಪ್ಪು. ಇದೆಂಥ ವಿಜ್ಞಾನ?"

"ಇನ್ನೊಂದು ಸಲ ಹಿಡಿ, ನೋಡೋಣ."

ಈ ಸಲ ಅವಳು ಬೆರಳನ್ನು ಬೇಕೆಂದೇ ಅಲುಗಿಸಿ ಸ್ಕೇಲು ಬಿಡದೆ ನಿಂತಳು. ಮೇಷ್ಟ್ರ ಬೆರಳುಗಳು ಮಿಂಚಿನಂತೆ ಮುಚ್ಚಿ ಗಾಳಿಯನ್ನು ಹಿಡಿದವು. ಸ್ಕೇಲು ಇನ್ನೂ ಮೇಲೆ, ಮಗಳ ಕೈಯಲ್ಲೇ ಇತ್ತು. ಅಡುಗೆಮನೆಯಿಂದ ನೋಡುತ್ತಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಬಂದ ಸದ್ದು ಕೆಮ್ಮಿನದಂತೂ ಅಲ್ಲ.

ಸೋತವನು ಸುಮ್ಮನಿದ್ದರೆ ಸೋಲು ಅಲ್ಲಿಗೇ ಮುಗಿಯುತ್ತದೆ. ಮೇಷ್ಟ್ರು ಸುಮ್ಮನಿರಲಿಲ್ಲ. ತಮ್ಮ ಕೈಗೆ ತುಕ್ಕು ಹಿಡಿದಿದೆ, ಸಾಣೆ ಬೇಕು ಎಂದು ತೀರ್ಮಾನಿಸಿದರು. ಮನೆಯವರಿಗೆಲ್ಲ ಒಂದು ಆಜ್ಞೆ ಹೊರಟಿತು. "ಇವತ್ತಿಂದ ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ, ಏನು ಬೇಕಾದ್ರೂ ನನ್ನ ಮುಂದೆ ಬೀಳಿಸಿ. ಮುಂಚೆ ಹೇಳಬಾರದು. ನಾನು ಹಿಡೀತೀನಿ."

"ಏನು ಬೇಕಾದ್ರೂ ಅಂದ್ರೆ?" ಎಂದು ಹೆಂಡತಿ ಕೇಳಿದಳು.

"ಏನು ಬೇಕಾದ್ರೂ."

ಮದುವೆಯಾಗಿ ಹದಿನಾರು ವರ್ಷದಲ್ಲಿ ಗಂಡನ ಯಾವ ಮಾತನ್ನೂ ಅವಳು ಇಷ್ಟು ಶ್ರದ್ಧೆಯಿಂದ ಪಾಲಿಸಿರಲಿಲ್ಲ. ಮೇಷ್ಟ್ರು ಗಡ್ಡ ಹೆರೆಯುತ್ತಿದ್ದಾಗ ಸೋಪು ಬಿತ್ತು. ಪೇಪರ್ ಓದುತ್ತಿದ್ದಾಗ ರಿಮೋಟು ಬಿತ್ತು, ಅದರ ಹೊಟ್ಟೆಯಿಂದ ಬ್ಯಾಟರಿಗಳು ಹೊರಬಂದು ಸೋಫಾದ ಕೆಳಗೆ ಉರುಳಿದವು. ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಾಗ ಗುಂಡುಪಿನ್ನಿನ ಡಬ್ಬಿ ಬಿತ್ತು. ಅದನ್ನು ಹಿಡಿಯಲು ಹೋಗಿ ಮೇಷ್ಟ್ರು ಡಬ್ಬಿಗೆ ಗುದ್ದಿದ್ದರಿಂದ ಪಿನ್ನುಗಳು ನಡುಮನೆಯ ಮೂಲೆಮೂಲೆಗೂ ಹಂಚಿಹೋಗಿ, ಆಮೇಲೆ ಒಂದು ವಾರ ಮನೆಯವರೆಲ್ಲ ಕೊಕ್ಕರೆಗಳ ಹಾಗೆ ಕಾಲು ಎತ್ತೆತ್ತಿ ನಡೆದರು.

"ಮೊದಲಿಗಿಂತ ಎಷ್ಟೋ ಪಾಲು ವಾಸಿ" ಎಂದು ಮೇಷ್ಟ್ರು ಹಿಮ್ಮಡಿಯಿಂದ ಪಿನ್ನು ಕೀಳುತ್ತ ಹೇಳಿದರು.

"ಯಾವುದನ್ನೂ ಹಿಡಿದಿಲ್ಲವಲ್ಲರೀ."

"ಹಿಡಿಯೋಕೆ ಹತ್ತಿರ ಹತ್ತಿರ ಬಂದಿದೆ. ಅದೆಲ್ಲ ನಿನಗೆ ಅರ್ಥ ಆಗಲ್ಲ."

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ. ಊಟದ ಮೇಜಿನ ಮೇಲೆ ಹಾಸಿದ ಬಟ್ಟೆ, ಅದರ ಮೇಲೆ ತಟ್ಟೆಗಳು, ಬಿಸಿ ಸೂಪಿನ ಪಾತ್ರೆ, ಹಾಲಿನ ಜಗ್ಗು. ಮೇಜಿನ ಆ ತುದಿಯಲ್ಲಿ ಮಗಳು ಮೂರು ಸಂಜೆ ಕೂತು ಬರೆದ ದೊಡ್ಡ ಚಾರ್ಟು ಬಣ್ಣ ಒಣಗಲೆಂದು ಮಲಗಿತ್ತು. ಪಕ್ಕದ ಕುರ್ಚಿಯ ಮೇಲೆ ನರ್ಸಿಂಗ್ ಹೋಮಿಗೆ ಆ ಸಂಜೆಯೇ ಕೊಡಬೇಕಾದ ಬಿಳಿ ಸಮವಸ್ತ್ರಗಳ ರಾಶಿ, ಇಸ್ತ್ರಿ ಮಾಡಿ ಮಡಚಿಟ್ಟದ್ದು. ಅತ್ತೆ ಮೇಜಿನ ಮುಂದೆ ಕೂತು ಜೇನುತುಪ್ಪದ ಬಾಟಲಿಯ ಬಿಗಿ ಮುಚ್ಚಳವನ್ನು ತಿರುಗಿಸುತ್ತಿದ್ದರು. ಮೇಷ್ಟ್ರು ಕೈ ತೊಳೆದುಕೊಂಡು ಬಾಗಿಲಿಗೆ ಬಂದರು.

ಅದೇ ಹೊತ್ತಿಗೆ ಬಾಟಲಿ ಅತ್ತೆಯ ಕೈಯಿಂದ ಜಾರಿತು. ಪರೀಕ್ಷೆಗೆಂದು ಬೀಳಿಸಿದ್ದಲ್ಲ, ನಿಜವಾಗಿಯೇ ಜಾರಿದ್ದು.

"ಬಿಟ್ಟೆ ಅತ್ತೆ, ಬಂದೆ" ಎಂದು ಅರ್ಥವಿಲ್ಲದ ಒಂದು ಕೂಗು ಹಾಕಿ ಮೇಷ್ಟ್ರು ಬಾಗಿಲಿಂದಲೇ ಹಾರಿದರು. ಹಾರಿದ್ದೇನೋ ಭರ್ಜರಿಯಾಗಿತ್ತು. ಆದರೆ ನಡುವೆ ಮೇಜಿತ್ತು. ಮೊಣಕಾಲು ಮೇಜಿನ ಕಾಲಿಗೆ ಹೊಡೆಯಿತು. ಆಸರೆಗೆಂದು ಚಾಚಿದ ಬಲಗೈಗೆ ಮೇಜಿನ ಬಟ್ಟೆ ಸಿಕ್ಕಿತು. ಇಷ್ಟು ದಿನ ಏನನ್ನೂ ಹಿಡಿಯದ ಆ ಕೈ ಇದೊಂದನ್ನು ಮಾತ್ರ ಬಿಗಿಯಾಗಿ ಹಿಡಿಯಿತು. ಬಟ್ಟೆಯ ಜೊತೆ ತಟ್ಟೆಗಳು ಹೊರಟವು, ತಟ್ಟೆಗಳ ಹಿಂದೆ ಹಾಲು, ಹಾಲಿನ ಹಿಂದೆ ಸೂಪು. ಅರ್ಧ ಸೂಪು ಸಮವಸ್ತ್ರಗಳ ಮೇಲೆ ಹರಿಯಿತು. ಉಳಿದ ಅರ್ಧ ಹಾಲನ್ನೂ ಕೂಡಿಕೊಂಡು ಚಾರ್ಟಿನ ಮೇಲೆ ಹರಡಿತು. ಕೆಂಪು ಗೆರೆ ನೀಲಿ ಗೆರೆಗೆ ಸೇರಿ, ಎರಡೂ ಹಸಿರು ಚುಕ್ಕೆಗಳನ್ನು ಕರೆದುಕೊಂಡು ನೆಲಕ್ಕೆ ತೊಟ್ಟಿಕ್ಕಿದವು.

ಮೇಜಿನ ಕೆಳಗಿನಿಂದ ಮೇಷ್ಟ್ರು ತಲೆಯೆತ್ತಿ ನೋಡಿದರು. ಅತ್ತೆ ಕೂತಲ್ಲೇ ಕೂತಿದ್ದರು. ಜೇನುತುಪ್ಪದ ಬಾಟಲಿ ಅವರ ಎಡಗೈಯಲ್ಲಿತ್ತು. ಜಾರಿದ ಬಾಟಲಿಯನ್ನು ಅವರು ತೊಡೆಯ ಹತ್ತಿರವೇ ಹಿಡಿದುಕೊಂಡಿದ್ದರು. ಬೀಳುತ್ತಿದ್ದ ಒಂದೇ ಒಂದು ವಸ್ತು ಬೀಳಲಿಲ್ಲ, ಬೀಳದೆ ತಮ್ಮ ಪಾಡಿಗೆ ತಾವಿದ್ದವೆಲ್ಲ ಬಿದ್ದಿದ್ದವು.

"ಪೆಟ್ಟಾಯ್ತಾ ಅಳಿಯಂದ್ರೇ?" ಎಂದು ಅತ್ತೆ ಕೇಳಿದರು. ಬಾಟಲಿಯನ್ನು ಅವರ ಕಡೆ ಚಾಚಿದರು. "ಹೇಗೂ ಬಂದಿದ್ದೀರಿ, ಈ ಮುಚ್ಚಳ ಒಂಚೂರು ತೆಗೆದುಕೊಡಿ."

ಮೇಷ್ಟ್ರಿಂದ ಅದೂ ಆಗಲಿಲ್ಲ. ಬಲಗೈಯ ಹೆಬ್ಬೆರಳೂ ತೋರುಬೆರಳೂ ಉಳುಕಿ ಬದನೆಕಾಯಿಯಷ್ಟು ದಪ್ಪವಾಗುತ್ತಿದ್ದವು.

ಹೆಂಡತಿ ಬಯ್ಯಲಿಲ್ಲ. ಬಯ್ದಿದ್ದರೆ ಮೇಷ್ಟ್ರಿಗೆ ಉತ್ತರ ಕೊಡಲು ಏನಾದರೂ ಸಿಗುತ್ತಿತ್ತು. ಅವಳು ಅವರ ಬೆರಳಿಗೆ ಬ್ಯಾಂಡೇಜು ಸುತ್ತಿ, ಒದ್ದೆಯಾದ ಸಮವಸ್ತ್ರಗಳ ರಾಶಿಯನ್ನು ಬಕೆಟ್ಟಿಗೆ ತುಂಬಿ ಅವರ ಮುಂದಿಟ್ಟಳು. "ಎಡಗೈ ಚೆನ್ನಾಗಿದೆಯಲ್ಲ?" ಎಂದಷ್ಟೇ ಕೇಳಿ, ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಒಂದು ದಿನ ಹೆಚ್ಚಿಗೆ ಕೇಳಿಕೊಂಡಳು.

ಮಗಳೂ ಬಯ್ಯಲಿಲ್ಲ. ಅವಳು ಹಾಳಾದ ಚಾರ್ಟನ್ನು ಎರಡು ಬೆರಳಲ್ಲಿ ಎತ್ತಿ, ಸೂಪು ಸೋರಿಹೋಗುವ ತನಕ ಹಿಡಿದುಕೊಂಡು ನಿಂತಿದ್ದಳು. ಕಣ್ಣು ತುಂಬಿತ್ತು. ಅಪ್ಪನ ಕಡೆ ನೋಡಲಿಲ್ಲ. ಹೊಸ ಹಾಳೆ ಬಿಡಿಸಿ ಕೋಣೆಯ ನೆಲದ ಮೇಲೆ ಹಾಸಿ, ಮೊದಲಿನಿಂದ ಗೆರೆ ಎಳೆಯಲು ಕೂತಳು.

ಬಚ್ಚಲಿನಲ್ಲಿ ಎಡಗೈಯಿಂದ ಬಟ್ಟೆ ತಿಕ್ಕುತ್ತಿದ್ದ ಮೇಷ್ಟ್ರಿಗೆ ಹಾಳೆಯ ಮೇಲೆ ಸರ್ರನೆ ಹರಿಯುವ ಪೆನ್ನಿನ ಸದ್ದು ಕೇಳಿಸುತ್ತಿತ್ತು. ಬಯ್ಯುವುದಕ್ಕೆ ಬಾಯಿ ಇದ್ದಷ್ಟು ಸಲೀಸಾಗಿ ಕ್ಷಮೆ ಕೇಳುವುದಕ್ಕೆ ಅವರಿಗೆ ಬಾಯಿ ಇರಲಿಲ್ಲ. ಕೊನೆಗೆ ಒದ್ದೆ ಕೈಯಲ್ಲೇ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಏನಾದ್ರೂ ಹಿಡ್ಕೋಬೇಕಾ?"

"ಬೇಡಪ್ಪ" ಎಂದಳು ಮಗಳು ತಕ್ಷಣ. ಆಮೇಲೆ ಏನನ್ನಿಸಿತೋ, "ಆ ಮೂಲೆ ಸುರುಳಿ ಸುತ್ತಿಕೊಳ್ತಾ ಇದೆ. ಅದರ ಮೇಲೆ ಕೂತ್ಕೋ" ಎಂದಳು.

ಮೇಷ್ಟ್ರು ಹಾಳೆಯ ಮೂಲೆಯ ಮೇಲೆ ಕೂತರು. ಆ ಸಂಜೆಯ ಮಟ್ಟಿಗೆ ಅವರಿಗೆ ವಹಿಸಲಾದ ವೈಜ್ಞಾನಿಕ ಜವಾಬ್ದಾರಿ ಅಷ್ಟೇ. ಕೂತಲ್ಲಿಂದಲೇ ಒಂದೊಂದೇ ಚುಕ್ಕೆ ಬೀಳುವುದನ್ನು ನೋಡಿದರು. ಹೆಸರುಗಳಿರಲಿಲ್ಲ, ವ್ಯಕ್ತಿ ಒಂದು, ವ್ಯಕ್ತಿ ಎರಡು ಎಂದಷ್ಟೇ ಇತ್ತು. ಏಳನೆಯವರ ಚುಕ್ಕೆಗಳು ಬಂದಾಗ ಅವರಿಗೆ ಗುರುತು ಹತ್ತಿತು. ಉಳಿದವರ ಚುಕ್ಕೆಗಳೆಲ್ಲ ಒತ್ತೊತ್ತಾಗಿ ಕೂತಿದ್ದವು, ಏಳನೆಯವರವು ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಚದುರಿದ್ದವು.

"ಪುಟ್ಟಿ, ಆ ಮೇಲಿನ ಚುಕ್ಕೆ... ಒಂದು ಕೂದಲೆಳೆ ಕೆಳಗೆ ಇಟ್ರೆ ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲಪ್ಪ."

ಮೇಷ್ಟ್ರು ಕೂತ ಜಾಗದಲ್ಲೇ ಸ್ವಲ್ಪ ಭಾರವಾಗಿ ಕೂತರು.

ಮರುದಿನ ಶಾಲೆಯ ದೊಡ್ಡ ಹಾಲಿನಲ್ಲಿ ಸಾಲುಸಾಲು ಮೇಜುಗಳು. ಒಂದು ಕಡೆ ಜ್ವಾಲಾಮುಖಿ ಹೊಗೆಯಾಡುತ್ತಿತ್ತು, ಇನ್ನೊಂದು ಕಡೆ ಯಾರದೋ ಆಲೂಗಡ್ಡೆ ಬಲ್ಬು ಉರಿಸುತ್ತಿತ್ತು. ಮಗಳ ಚಾರ್ಟು ಗೋಡೆಗೆ ಅಂಟಿ ನಿಂತಿತ್ತು. ಬ್ಯಾಂಡೇಜು ಸುತ್ತಿದ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಮೇಷ್ಟ್ರು ಪಕ್ಕದಲ್ಲಿ ನಿಂತರು. ಬರುವ ಮನಸ್ಸಿರಲಿಲ್ಲ. ಆದರೆ ಹಾಳೆಯ ಒಂದು ಮೂಲೆ ಇನ್ನೂ ಏಳುತ್ತಿತ್ತು, ಅದನ್ನು ಒತ್ತಿಹಿಡಿಯಲು ಯಾರಾದರೂ ಬೇಕಿತ್ತು.

ತೀರ್ಪುಗಾರರು ಇಬ್ಬರು. ಒಬ್ಬರು ಬಿಳಿಗೂದಲಿನ ಹಿರಿಯ ಡಾಕ್ಟರು. ಇನ್ನೊಬ್ಬರನ್ನು ಕಂಡು ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು. ಅವರು ಸಂಖ್ಯಾಶಾಸ್ತ್ರದ ಮೇಡಂ.

ಮೇಡಂ ಚಾರ್ಟನ್ನು ಒಮ್ಮೆ ನೋಡಿ ನಕ್ಕು ಡಾಕ್ಟರಿಗೆ ಹೇಳಿದರು. "ಇದಕ್ಕೆ ಅಂಕ ನೀವೇ ಹಾಕಿ ಸರ್. ಇದರಲ್ಲಿ ನಾನೂ ಒಬ್ಬಳು. ನಾನು ಬಾಯಿ ತೆಗೆಯೋ ಹಾಗಿಲ್ಲ."

ಡಾಕ್ಟರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಪ್ರತಿಯೊಬ್ಬರಿಗೂ ಸರಾಸರಿಯ ಒಂದು ದಪ್ಪ ಚುಕ್ಕೆ, ಅದರ ಮೇಲೆ ಕೆಳಗೆ ಅವರ ಅಳತೆಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಎಂದು ತೋರಿಸುವ ಒಂದು ಗೆರೆ. ಎಪ್ಪತ್ತು ದಾಟಿದವರದು ಅಕ್ಕಿಕಾಳಿನಷ್ಟು ಗೆರೆ. ಡಾಕ್ಟರ ಬೆರಳು ಸಾಲಿನ ಮೇಲೆ ಹರಿಯುತ್ತ ಏಳರ ಹತ್ತಿರ ನಿಂತಿತು.

"ಇದೇನಮ್ಮ, ಈ ಖಾಲಿ ಸುತ್ತು?"

"ಅವರು ಆ ಸಲ ಹಿಡೀಲಿಲ್ಲ ಸರ್. ಸ್ಕೇಲು ಕೆಳಗೆ ಬಿತ್ತು. ಬಿಟ್ಟುಬಿಟ್ರೆ ಅವರ ಸರಾಸರಿ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. ಅದಕ್ಕೇ ಮೂವತ್ತರಲ್ಲಿ ಖಾಲಿ ಸುತ್ತು ಹಾಕಿ, ಇನ್ನೂ ಜಾಸ್ತಿ ಇರಬಹುದು ಅಂತ ಬಾಣ ಹಾಕಿದೀನಿ."

"ಭೇಷ್" ಎಂದರು ಡಾಕ್ಟರು. ಈ ಹಾಲಿನಲ್ಲಿ ಅವರು ಅದುವರೆಗೆ ಆ ಮಾತು ಆಡಿರಲಿಲ್ಲ. "ಎಷ್ಟೋ ಜನ ದೊಡ್ಡವರೂ ಬಿದ್ದದ್ದನ್ನ ಮುಚ್ಚಿಡ್ತಾರೆ. ಸರಿ, ಈ ಗೆರೆ ಯಾಕೆ ಇಷ್ಟು ಉದ್ದ?"

"ಒಂದೊಂದು ಸಲ ಒಂದೊಂದು ಥರ ಸರ್. ಸರಾಸರಿ ಎಲ್ಲರಿಗಿಂತ ಹಿಂದೆ ಇದೆ, ಅದು ಇರಲಿ. ಆದರೆ ಮುಂದಿನ ಸಲ ಹಿಡೀತಾರಾ ಬಿಡ್ತಾರಾ ಅಂತ ನಂಬೋಕೆ ಆಗಲ್ಲ. ಅದೇ ತೊಂದರೆ."

ಡಾಕ್ಟರು ಆ ಗೆರೆಯನ್ನು ಕಾಯಿಲೆಯ ಎಕ್ಸ್‌ರೇ ನೋಡುವವರ ಹಾಗೆ ನೋಡಿದರು. ಅವರ ಮುಖದಲ್ಲಿ ನಿಜವಾದ ಆತಂಕ ಮೂಡಿತು.

"ಇವರು ಗಾಡಿ ಓಡಿಸ್ತಾರಾ?"

ಮಗಳು ಒಂದು ಕ್ಷಣ ಅಪ್ಪನ ಕಡೆ ನೋಡಿದಳು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ಹೆಚ್ಚಾಗಿ ಓಡಿಸಲ್ಲ ಸರ್. ಬೇರೆಯವರಿಗೆ ಓಡಿಸೋದು ಹೇಳಿಕೊಡ್ತಾರೆ."

ಮೇಡಂ ಅಂಕಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಜ್ವಾಲಾಮುಖಿಯ ಕಡೆ ತಿರುಗಿದರು. ಅವರ ಭುಜಗಳು ಕುಲುಕುತ್ತಿದ್ದವು.

"ಅಯ್ಯೋ ದೇವರೇ" ಎಂದರು ಡಾಕ್ಟರು ಮೆಲ್ಲಗೆ. ಚಾರ್ಟಿನ ಮೂಲೆ ಒತ್ತಿಹಿಡಿದು ನಿಂತ ಮನುಷ್ಯ ಆಗ ಅವರ ಕಣ್ಣಿಗೆ ಬಿದ್ದರು. "ನೀವು ಇವಳ ತಂದೆ ಅಲ್ವಾ? ಹಾಗಾದ್ರೆ ಈ ಏಳನೆಯವರು ಯಾರು ಅಂತ ನಿಮಗೂ ಗೊತ್ತಿರಬೇಕು."

ಮೇಷ್ಟ್ರು ಮೀಸೆಗೆ ಕೈ ಹಾಕಲು ಹೋಗಿ, ಬ್ಯಾಂಡೇಜು ನೆನಪಾಗಿ, ಕೈಯನ್ನು ಜೇಬಿನಲ್ಲೇ ಇನ್ನಷ್ಟು ಆಳಕ್ಕೆ ಇಳಿಸಿದರು.

"ಅಷ್ಟೇನೂ ಗೊತ್ತಿಲ್ಲ ಸರ್" ಎಂದರು. "ಸುಮ್ನೆ ಮುಖಪರಿಚಯ. ಕನ್ನಡಿಯಲ್ಲಿ ನೋಡಿದೀನಿ."